ಕೊಳಾಯಿ ಮೇಷ್ಟ್ರ ಹದಿನಾರು ತಲೆ

ಮೇಷ್ಟ್ರ ಸುದ್ದಿ ನನಗೆ ಮೊದಲು ಬಂದದ್ದು ಒಂದು ಸರ್ಕಾರಿ ಕಾಗದದಲ್ಲಿ. ಅಂಚೆಯವನು ಗೇಟಿನ ಹೊರಗೇ ನಿಂತು ಓದಿ ಹೇಳಿದ. ನನಗೆ ಓದಲು ಬಾರದು ಅಂತಲ್ಲ, ಮೂರನೇ ಕ್ಲಾಸು ಮುಗಿಸಿದ್ದೇನೆ. ಕನ್ನಡಕ ಒಳಗಿತ್ತು, ಅಷ್ಟೆ.

"ಅಜ್ಜೀ, ನೀವು ಫುಟ್‌ಬಾಲ್ ತಂಡಕ್ಕೆ ಪಾಲಕಿಯಂತೆ. ಗುರುವಾರ ಹತ್ತು ಗಂಟೆಗೆ ಪಾಸು ಹಿಡ್ಕೊಂಡು ಗಡಿ ಕಚೇರಿಗೆ ಬರಬೇಕಂತೆ."

"ಯಾವ ತಂಡ? ಯಾರಿಗೆ ಪಾಲಕಿ?"

"ಹದಿನಾರು ವರ್ಷದೊಳಗಿನ ಹುಡುಗರದ್ದು. ಹದಿನಾಲ್ಕು ಜನ." ಅವನಿಗೆ ನಗು ತಡೆಯಲಾಗಲಿಲ್ಲ. "ಈ ವಯಸ್ಸಲ್ಲಿ ಹದಿನಾಲ್ಕು ಗಂಡುಮಕ್ಕಳು ಅಜ್ಜೀ, ಅದೂ ಒಂದೇ ಹೆರಿಗೆಗೆ!"

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹೆತ್ತದ್ದು ಒಬ್ಬಳು ಮಗಳನ್ನು, ಅವಳು ಎರಡು ಬೀದಿ ಆಚೆ ಸಂಸಾರ ಮಾಡಿಕೊಂಡಿದ್ದಾಳೆ. ಯಜಮಾನರು ಹೋಗಿ ಆಗ ನಾಲ್ಕು ವರ್ಷ. ಚೆಂಡನ್ನು ಕಾಲಲ್ಲಿರಲಿ, ಕೈಯಲ್ಲೂ ಮುಟ್ಟಿದವಳಲ್ಲ ನಾನು.

ಅದೇ ದಿನ ಮಧ್ಯಾಹ್ನ, ಕಾಗದದ ಹಿಂದೆಯೇ ಅದರ ಯಜಮಾನರೂ ಬಂದರು. ಕುಳ್ಳಗಿನ ಮನುಷ್ಯ, ನಡುನೆತ್ತಿ ಬೋಳು, ಹೆಗಲ ಮೇಲೆ ಪೈಪು ರಿಪೇರಿಯ ಚೀಲ, ಕುತ್ತಿಗೆಯಲ್ಲಿ ಸೀಟಿ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಊರಿನವರು ಅವರನ್ನು ಕೊಳಾಯಿ ಮೇಷ್ಟ್ರು ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಆಮೇಲೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮನೆಮನೆಯ ನಲ್ಲಿ ರಿಪೇರಿ, ನಾಲ್ಕರ ಮೇಲೆ ಶಾಲೆಯ ಹಿಂದಿನ ಬಯಲಲ್ಲಿ ಹುಡುಗರಿಗೆ ಆಟ ಹೇಳಿಕೊಡುವುದು. ಎಂಟು ವರ್ಷದಿಂದ ಇದೇ ಅವರ ಬದುಕು.

"ನನ್ನನ್ನ ಕೇಳದೆ ನನ್ನ ಹೆಸರು ಹಾಕೋಕೆ ನೀನ್ಯಾರಯ್ಯಾ?" ಅಂದೆ.

"ಕೇಳಿದ್ರೆ ಬೇಡ ಅಂತಿದ್ರಿ ಅಕ್ಕಾ."

"ಹೌದು, ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲೇ ಅವರ ಕಿವಿ ನನ್ನ ಬಚ್ಚಲಿನ ಕಡೆ ಹೋಯಿತು. ಅಲ್ಲಿ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. "ವಾಷರ್ ಹೋಗಿದೆ" ಅನ್ನುತ್ತ ಒಳಗೆ ನಡೆದೇ ಬಿಟ್ಟರು. ನಲ್ಲಿ ಬಿಚ್ಚುತ್ತ ಅಲ್ಲಿಂದಲೇ ಕೂಗಿ ತಮ್ಮ ಕಷ್ಟ ಹೇಳಿಕೊಂಡರು.

ನಮ್ಮೂರಿನ ನದಿಯ ಆಚೆ ದಡ ಬೇರೆ ದೇಶ. ನಡುವೆ ಸೇತುವೆ, ಸೇತುವೆಯ ಈ ತುದಿಯಲ್ಲಿ ತಪಾಸಣೆ ಕಚೇರಿ. ಎರಡು ಕಡೆಯ ಊರುಗಳು ಸೇರಿ ಹುಡುಗರ ಪಂದ್ಯಾವಳಿ ನಡೆಸುತ್ತಿದ್ದವು, ಈ ಕಡೆಯ ಏಳು ತಂಡ, ಆ ಕಡೆಯ ಏಳು. ಒಂದು ವಾರ ಅವರು ಇಲ್ಲಿಗೆ ಬಂದರೆ ಇನ್ನೊಂದು ವಾರ ಇವರು ಅಲ್ಲಿಗೆ. ಆ ವರ್ಷ ಹೊಸ ಕಾನೂನು ಬಂದಿತ್ತು, ಮಕ್ಕಳ ತಂಡ ಗಡಿ ದಾಟಬೇಕಾದರೆ ಜೊತೆಗೆ ಹುಟ್ಟೂರ ಪಾಸು ಇರುವ ಒಬ್ಬ ಹೆಂಗಸು ಇರಲೇಬೇಕು. ಹುಟ್ಟೂರ ಪಾಸು ಅಂದರೆ ಆ ಕಡೆ ಹುಟ್ಟಿ ಈ ಕಡೆಗೆ ಮದುವೆಯಾಗಿ ಬಂದವರಿಗೆ ಕೊಡುವ ಕಾಯಂ ಪಾಸು. ನಮ್ಮ ಪೇಟೆಯಲ್ಲಿ ಅಂಥವರು ಮೂರೇ ಜನ. ಒಬ್ಬಳು ಹಾಸಿಗೆ ಹಿಡಿದಿದ್ದಳು. ಇನ್ನೊಬ್ಬಳು ಬಾಗಿಲಲ್ಲೇ ಪೊರಕೆ ತೋರಿಸಿದಳಂತೆ. ಅವಳು ಪೊರಕೆ ತೋರಿಸಿದ ದಿನವೇ ಹೆಸರು ಕೊಡಲು ಕಡೇ ದಿನವಾಗಿತ್ತು. ಉಳಿದವಳು ನಾನು.

"ಮೂರು ಸಲ ಆಟಕ್ಕೆ ಹೋಗದಿದ್ರೆ ತಂಡಾನೇ ಕಿತ್ತುಹಾಕ್ತಾರೆ ಅಕ್ಕಾ. ಎಂಟು ವರ್ಷ ಕಟ್ಟಿದ್ದು."

"ಕಿತ್ತುಹಾಕಿದ್ರೆ ನಿನ್ನ ಕೆಲಸ ನೀನು ನೋಡ್ಕೋ. ಊರಲ್ಲಿ ನಲ್ಲಿಗಳು ಕಮ್ಮಿ ಇವೆಯಾ?"

"ನನ್ನ ಹೆಂಡತೀನೂ ಅದೇ ಹೇಳ್ತಾಳೆ" ಅಂದರು, ನಲ್ಲಿ ತಿರುಗಿಸಿ ನೋಡುತ್ತ. ಒಂದು ಹನಿಯೂ ಬೀಳಲಿಲ್ಲ.

ನಾನು ಒಪ್ಪಿದ್ದು ನಲ್ಲಿಗಾಗಿ ಅಲ್ಲ. ನನ್ನ ತಂಗಿ ಆ ಕಡೆ ಇದ್ದಾಳೆ. ಯಜಮಾನರು ಹೋದಮೇಲೆ ಒಬ್ಬಳೇ ಸೇತುವೆ ದಾಟಲು ಧೈರ್ಯ ಬಂದಿರಲಿಲ್ಲ. ಬಸ್ಸಿನಲ್ಲಿ ಕರೆದೊಯ್ಯುತ್ತಾರೆಂದರೆ ಆಗಲಿ ಅನ್ನಿಸಿತು. ಹುಡುಗರ ಮುಂದೆ ಏಕವಚನ ಚೆನ್ನಾಗಿರುವುದಿಲ್ಲ ಅಂತ ಗುರುವಾರದಿಂದ ನಾನೂ ಅವರನ್ನು ಮೇಷ್ಟ್ರೇ ಅನ್ನತೊಡಗಿದೆ. ಅವರು ಹೋಗಿ ಈಗ ಎರಡು ವರ್ಷವಾದರೂ ಬಾಯಿಗೆ ಅದೇ ಬರುತ್ತದೆ.

ಇಲ್ಲಿ ನನ್ನ ಅಡುಗೆಮನೆಯ ಗಡಿಯಾರದ ವಿಷಯ ಹೇಳಿಬಿಡಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಆ ಕಡೆಯ ಹೊತ್ತು ನಮ್ಮ ಹೊತ್ತಿಗಿಂತ ಅರ್ಧ ಗಂಟೆ ಹಿಂದೆ. ಇಲ್ಲಿ ಹನ್ನೆರಡಾದರೆ ಅಲ್ಲಿ ಹನ್ನೊಂದೂವರೆ. ನಾನು ಮದುವೆಯಾಗಿ ಬರುವಾಗ ನಮ್ಮಪ್ಪ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು, ತಾವೇ ಕೀ ಕೊಟ್ಟು, ತಾವೇ ಮುಳ್ಳು ಸರಿಮಾಡಿ. ಯಜಮಾನರು ಅದನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಲು ಹೋದಾಗ ನಾನು ಸೌಟು ಹಿಡಿದುಕೊಂಡೇ ಅಡ್ಡ ನಿಂತಿದ್ದೆ. "ಈ ಮನೆಯಲ್ಲಿ ಎಲ್ಲ ನಿಮ್ಮ ಹೊತ್ತಿನ ಪ್ರಕಾರವೇ ನಡೀತದೆ. ಇದೊಂದು ನಂದಿರಲಿ." ಅವರು ನಕ್ಕು ಬಿಟ್ಟುಬಿಟ್ಟರು. ಅವರ ಕೈಯಲ್ಲಿ ವಾಚಿತ್ತು. ಅಂದಿನಿಂದ ನಲವತ್ತೆರಡು ವರ್ಷ ಅದು ತವರಿನ ಗಂಟೆಯನ್ನೇ ಹೊಡೆಯುತ್ತ ಬಂದಿತ್ತು. ಅಮ್ಮ ಈಗ ಒಲೆ ಹಚ್ಚಿರಬೇಕು, ತಂಗಿ ಈಗ ಶಾಲೆಯಿಂದ ಬಂದಿರಬೇಕು ಅಂತ ನೋಡಿ ನೋಡಿ, ಅದು ಬೇರೆಯವರ ಕಣ್ಣಿಗೆ ತಪ್ಪು ಗಡಿಯಾರ ಅನ್ನುವುದೇ ನನಗೆ ಮರೆತುಹೋಗಿತ್ತು.

ಮೊದಲನೇ ಸಲ ಆ ಕಡೆಗೆ ಹೊರಟಾಗಲೇ ನನಗೆ ಮೇಷ್ಟ್ರ ಹಣೆಬರಹ ಗೊತ್ತಾಯಿತು. ತಪಾಸಣೆ ಕಚೇರಿ ಅಂದರೆ ಉದ್ದನೆಯ ಒಂದು ಕೋಣೆ, ಗೋಡೆಗೆ ಬೆಂಚು, ತಿರುಗುವುದಕ್ಕಿಂತ ಹೆಚ್ಚು ಅಲುಗಾಡುವ ಫ್ಯಾನು, ಕಿಟಕಿಯ ಹಿಂದೆ ಒಬ್ಬ ಅಧಿಕಾರಿ. ಹುಡುಗರು ಅವನಿಗೆ ಮುದ್ರೆ ಸಾಹೇಬ ಅಂತ ಹೆಸರಿಟ್ಟಿದ್ದರು. ಹುಡುಗರ ಮೊಬೈಲುಗಳನ್ನೆಲ್ಲ ಅಲ್ಲೇ ಒಂದು ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದ. ಚೆಂಡಿನ ಗಾಳಿ ತೆಗೆಯಬೇಕು, ಒಳಗೆ ಏನೂ ಇಲ್ಲವೆಂದು ಅವನು ಅಮುಕಿ ನೋಡಬೇಕು. ಪಂಪು ಒಯ್ಯುವಂತಿಲ್ಲ, ಅವನ ಲೆಕ್ಕದಲ್ಲಿ ಅದು ಯಂತ್ರ.

"ಸೋಲಿಸೋಕೆ ಹೋಗ್ತಿರೋರ ಹತ್ರಾನೇ ಗಾಳಿ ಬೇಡಬೇಕು ನೋಡಿ ಅಕ್ಕಾ" ಅಂತ ಮೇಷ್ಟ್ರು ಹಲ್ಲು ಕಡಿದರು.

ಮುದ್ರೆ ಸಾಹೇಬ ಒಬ್ಬ ಹುಡುಗನ ಫೋಟೋ ಎತ್ತಿ ಹಿಡಿದ. "ಇದರಲ್ಲಿ ಮೀಸೆ ಇಲ್ಲ. ಇವನಿಗಿದೆ."

"ಫೋಟೋ ತೆಗೆಸಿದ್ದು ಆರು ತಿಂಗಳ ಹಿಂದೆ ಸಾರ್. ಬೆಳೆಯೋ ವಯಸ್ಸು."

"ಹಾಗಾದ್ರೆ ಮೀಸೆ ಬೆಳೆದಿದೆ ಅಂತ ಅರ್ಜಿ ಕೊಡಿ."

ಕೊಟ್ಟರು. ನಿಜವಾಗಿಯೂ ಕೂತು ಬರೆದುಕೊಟ್ಟರು. ಆಮೇಲೆ ಸಾಹೇಬ ತಲೆ ಎಣಿಸಿದ. ಪಟ್ಟಿಯಲ್ಲಿ ಹದಿನೈದು ಹೆಸರು, ಕೋಣೆಯಲ್ಲಿ ಹದಿನಾರು ತಲೆ. ಮತ್ತೆ ಎಣಿಸಿದ. ನಾವೂ ಎಣಿಸಿದೆವು. ಹುಡುಗರು ಹದಿನಾಲ್ಕು, ನಾನು ಒಬ್ಬಳು, ಹದಿನೈದು. ಡ್ರೈವರಿಗೆ ಅವನದೇ ಬೇರೆ ಪಾಸು, ಅವನು ಲೆಕ್ಕಕ್ಕಿಲ್ಲ. ಹದಿನಾರನೆಯವರು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಕಂಡುಹಿಡಿದವನು ಗೋಲು ಕಾಯುವ ಹುಡುಗ, ಗೋಡೆ ಅಂತ ಅವನ ಅಡ್ಡಹೆಸರು.

"ಮೇಷ್ಟ್ರೇ, ನೀವು ನಿಮ್ಮ ಹೆಸರೇ ಬರೆದಿಲ್ಲ!"

ಹದಿನಾಲ್ಕು ಹುಡುಗರ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, ನನ್ನ ಪಾಸಿನ ನಂಬರು ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದವರು ತಮ್ಮನ್ನೇ ಬಿಟ್ಟಿದ್ದರು. ಹೆಸರು ಸೇರಿಸಲು ಮೂರು ದಿನ ಬೇಕು. ಕೋಚ್ ಇಲ್ಲದ ತಂಡವನ್ನು ಆಡಿಸುವುದಿಲ್ಲ. ಬಸ್ಸು ವಾಪಸು ತಿರುಗಿತು. ಒಂದನೇ ಗೈರುಹಾಜರಿ.

ಆ ದಿನ ದಾರಿಯುದ್ದಕ್ಕೂ ಮೇಷ್ಟ್ರು ತಮ್ಮ ತಲೆಗೆ ತಾವೇ ಹೊಡೆದುಕೊಂಡರು. "ತಲೆ ಇದೆ ಅಂತ ನೆನಪೇ ಇರಲಿಲ್ಲ, ಇವತ್ತು ಗೊತ್ತಾಯ್ತು" ಅಂದರು. ಹುಡುಗರು ನಗಬಾರದೆಂದು ಕಿಟಕಿ ಕಡೆ ತಿರುಗಿ ಭುಜ ಕುಣಿಸುತ್ತಿದ್ದರು.

ನಡುವೆ ನಾಲ್ಕು ಸಲ ಚೆನ್ನಾಗಿಯೇ ಹೋಗಿ ಬಂದೆವು. ಎರಡು ಗೆದ್ದರು, ಎರಡು ಸೋತರು. ಬಸ್ಸಿನಲ್ಲಿ ಮೇಷ್ಟ್ರು ನನ್ನ ಪಕ್ಕದ ಸೀಟಿನಲ್ಲಿ ಕೂತು ಅಷ್ಟಷ್ಟೇ ಮಾತಾಡುತ್ತಿದ್ದರು. ಅವರ ಅಪ್ಪ ಚರಂಡಿ ಅಗೆಯುವ ಕೂಲಿ. ಪೈಪಿನ ಕೆಲಸ ಕಲಿಸಿದ್ದು ಸೋದರಮಾವ. ಹದಿನೈದರಲ್ಲಿ ಅವರ ಎಡಗಾಲಿನ ಹೊಡೆತಕ್ಕೆ ಊರಲ್ಲೆಲ್ಲ ಹೆಸರಿತ್ತಂತೆ. ಆಗ ಸೇತುವೆ ಮುಚ್ಚಿತ್ತು, ಆಡಲು ಎದುರು ತಂಡವೇ ಇರಲಿಲ್ಲ. ನಮ್ಮೂರಿನ ಹುಡುಗರೇ ಎರಡು ಭಾಗವಾಗಿ, ಅದೇ ಅದೇ ಮುಖದವರ ಜೊತೆ ಆಡಿ ಆಡಿ ಬೇಸತ್ತರು. ಸೇತುವೆ ತೆರೆಯುವ ಹೊತ್ತಿಗೆ ಇವರು ಒಂದು ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ಆ ಮಂಡಿಯೇ ಹೋಗಿತ್ತು.

"ಬೇಜಾರಾಗಲ್ವಾ?" ಅಂತ ಕೇಳಿದೆ.

"ಬೇಜಾರಲ್ಲ ಅಕ್ಕಾ, ಕೋಪ. ದಿನಾ ಬರುತ್ತೆ. ಈ ಹುಡುಗರು ಚೆಂಡನ್ನ ಎಡಗಾಲಿಗೆ ತಗೊಳ್ಳೋ ಬದಲು ಬಲಗಾಲಿಗೆ ತಗೊಂಡಾಗಲಂತೂ ತುಂಬಾ ಬರುತ್ತೆ."

ಅವರ ಹೆಂಡತಿಗೆ ಇವರ ಆಟದ ಹುಚ್ಚು ಕಂಡರೆ ಆಗುತ್ತಿರಲಿಲ್ಲ. ಆಕೆ ಹೊಲಿಗೆ ಕೆಲಸದವಳು, ಹುಡುಗರ ಅಂಗಿಗೆ ನಂಬರು ಹೊಲಿಯುತ್ತಿದ್ದವಳೂ ಆಕೆಯೇ. ಹೊಲಿಯುತ್ತ ಬಯ್ಯುತ್ತಿದ್ದಳು, ಬಯ್ಯುತ್ತ ಹೊಲಿಯುತ್ತಿದ್ದಳು. "ನಮ್ಮನೆ ನಲ್ಲಿ ಮೂರು ಕಡೆ ಸೋರ್ತಿದೆ ಅಕ್ಕಾ. ಇವರು ಮಾತ್ರ ಚೆಂಡಿನ ಗಾಳಿ ಸೋರದ ಹಾಗೆ ನೋಡ್ಕೊಂಡು ಓಡಾಡ್ತಾರೆ."

ಎರಡನೇ ಗೈರುಹಾಜರಿ ಯಾರ ತಪ್ಪೂ ಅಲ್ಲ. ಯಾರೋ ದೊಡ್ಡ ಮನುಷ್ಯರ ಕಾರು ಹೋಗಬೇಕೆಂದು ಸೇತುವೆ ಮುಚ್ಚಿದರು. ನಾಲ್ಕು ಗಂಟೆ ಬಿಸಿಲಲ್ಲಿ ಬಸ್ಸಿನೊಳಗೆ ಬೆಂದೆವು. ಕಾರು ಹೋಯಿತು, ಆಟದ ಹೊತ್ತೂ ಹೋಯಿತು. ಸೇತುವೆ ಮುಚ್ಚಿತ್ತು ಅಂತ ಗಡಿ ಕಚೇರಿಯವರು ಒಂದು ಸಾಲು ಬರೆದುಕೊಟ್ಟರೆ ಗೈರುಹಾಜರಿ ಮಾಫಿ ಮಾಡುತ್ತೇವೆ ಅಂತ ಪಂದ್ಯಾವಳಿಯವರು ಹೇಳಿ ಕಳಿಸಿದರು. ಮೇಷ್ಟ್ರು ಮುದ್ರೆ ಸಾಹೇಬನ ಕಿಟಕಿಗೆ ಐದು ಸಲ ಹೋದರು. ಒಂದು ಸಲ ನಾನೂ ಹೋಗಿದ್ದೆ.

"ಮುಚ್ಚಿತ್ತು ಅಂತ ಬರೆದುಕೊಟ್ರೆ, ಮುಚ್ಚಿತ್ತು ಅಂತ ನಾವು ಒಪ್ಪಿಕೊಂಡ ಹಾಗಾಗುತ್ತೆ" ಅಂದ ಸಾಹೇಬ.

"ಮುಚ್ಚಿರಲಿಲ್ವಾ ಸಾರ್?"

"ಮುಚ್ಚಿತ್ತು."

"ಮತ್ತೆ?"

"ಬರೆಯೋಕಾಗಲ್ಲ."

ಮೇಷ್ಟ್ರು ಹೊರಗೆ ಬಂದು ಗೇಟಿನ ಪಕ್ಕದ ಕಬ್ಬಿಣದ ಕಂಬಕ್ಕೆ ಒದ್ದರು, ಒಳ್ಳೆಯ ಕಾಲಲ್ಲಿ. ಒಂದು ವಾರ ಎರಡೂ ಕಾಲು ಕುಂಟಿದರು.

ಉಳಿದದ್ದು ಆ ಕಡೆಯ ಒಂದೇ ಒಂದು ಆಟ. ಗೆಲ್ಲಲೇಬೇಕೆಂದೇನೂ ಇರಲಿಲ್ಲ. ಹೋಗಿ ನಿಂತರೆ ಸಾಕು, ತಂಡ ಉಳಿಯುತ್ತಿತ್ತು. ಹೋಗದಿದ್ದರೆ ಮುಗಿಯಿತು. ಆಟ ಅಲ್ಲಿನ ಹೊತ್ತಿಗೆ ಮೂರು ಗಂಟೆಗೆ. ಅಂದರೆ ನಮ್ಮ ಮೂರೂವರೆ.

ಆ ವಾರ ಮೇಷ್ಟ್ರು ಎಚ್ಚರದ ಮೇಲೆ ಎಚ್ಚರ. ಪಟ್ಟಿಯನ್ನು ನಾಲ್ಕು ಸಲ ಬರೆದರು, ಪ್ರತಿ ಸಲವೂ ಮೊದಲು ತಮ್ಮ ಹೆಸರು. ಅಷ್ಟರಲ್ಲಿ ಅವರ ಹಳೆಯ ವಾಚು ಯಾರದೋ ಮನೆಯ ಟ್ಯಾಂಕು ತೊಳೆಯುವಾಗ ನೀರಿಗೆ ಬಿದ್ದು ನಿಂತುಹೋಯಿತು. ವಾಚಿಲ್ಲದೆ ನಮ್ಮೂರಲ್ಲಿ ಆಗುವುದಿಲ್ಲ. ಗಡಿ ಅಷ್ಟು ಹತ್ತಿರವಿರುವುದರಿಂದ ಮೊಬೈಲು ಒಮ್ಮೆ ಈ ಕಡೆಯ ಟವರ್ ಹಿಡಿಯುತ್ತದೆ, ಒಮ್ಮೆ ಆ ಕಡೆಯದು. ಅಡುಗೆಮನೆಯಲ್ಲಿ ಒಂದು ಗಂಟೆ ತೋರಿಸಿದ ಫೋನು ಹಿತ್ತಲಿಗೆ ಹೋದರೆ ಹನ್ನೆರಡೂವರೆ ಅನ್ನುತ್ತದೆ. ಅದನ್ನು ನಂಬಿ ಯಾರೂ ಹೆಜ್ಜೆ ಇಡುವುದಿಲ್ಲ.

ಹಿಂದಿನ ದಿನ ಬೆಳಿಗ್ಗೆ ನನ್ನ ಸಹಿ ಹಾಕಿಸಲು ಬಂದರು, ಕೈಯಲ್ಲಿ ಹೊಸ ವಾಚು. ನಾನು ಕನ್ನಡಕ ಹುಡುಕುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆ ನೋಡಿದರು.

"ಈ ಗಡಿಯಾರ ಸರಿಯಾಗಿ ನಡೆಯುತ್ತಾ ಅಕ್ಕಾ?"

"ಒಂದು ನಿಮಿಷ ಆಚೀಚೆ ಆಗಲ್ಲ!" ಅಂದೆ ನಾನು, ದೊಡ್ಡಸ್ತಿಕೆಯಿಂದ. ನಮ್ಮಪ್ಪ ಕೊಟ್ಟದ್ದಲ್ಲವೇ.

ಅವರು ವಾಚಿನ ತಿರುಪು ಎಳೆದು, ಮುಳ್ಳು ಕೂಡಿಸಿ, ಕಿವಿಗೆ ಇಟ್ಟುಕೊಂಡು ಕೇಳಿದರು. ನಾನು ಸಹಿ ಹಾಕಿದೆ. ನಾನು ಸುಳ್ಳು ಹೇಳಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ಬಸ್ಸಿನ ಬಳಿ ಬರಲು ಹೇಳಿದ್ದರು. ಹುಡುಗರು ಬಂದು ಎಷ್ಟೋ ಹೊತ್ತು ಕಾದರು. ಯಾವಾಗಲೂ ಮೊದಲೇ ಬಂದು ಬಯ್ಯುವ ಮೇಷ್ಟ್ರು ಅವತ್ತು ಎಲ್ಲರಿಗಿಂತ ಕೊನೆಗೆ ಬಂದರು.

"ಏನ್ ಮೇಷ್ಟ್ರೇ, ಇವತ್ತು ನೀವೇ ಲೇಟು?" ಅಂದ ಡ್ರೈವರ್.

"ಯಾರಯ್ಯಾ ಲೇಟು? ಹನ್ನೊಂದು ಅಂದಿದ್ದೆ, ಹನ್ನೊಂದಕ್ಕೆ ಬಂದಿದ್ದೀನಿ." ಹೊಸ ವಾಚು ಎತ್ತಿ ತೋರಿಸಿದರು. ಹುಡುಗರು ತಮ್ಮ ಫೋನು ನೋಡಿಕೊಂಡು, ಇದು ಮತ್ತೆ ಕುಣಿಯಿತು ಅಂತ ಜೇಬಿಗೆ ಹಾಕಿದರು.

ಅವತ್ತು ತಪಾಸಣೆ ಕಚೇರಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯದು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮೀಸೆಯ ಮಾತಿಲ್ಲ, ಚೆಂಡು ಅಮುಕಲಿಲ್ಲ, ಹದಿನಾರು ಹೆಸರಿಗೆ ಹದಿನಾರು ತಲೆ. ಮುದ್ರೆ ಸಾಹೇಬ "ಗೆದ್ದು ಬನ್ನಿ" ಅಂತ ಕೂಡ ಅಂದ. ಮೇಷ್ಟ್ರ ಮುಖದಲ್ಲಿ ಆ ವರ್ಷದಲ್ಲಿ ಮೊದಲ ಸಲ ಗಂಟು ಬಿಚ್ಚಿತು. ಹುಡುಗರನ್ನು ನೆರಳಲ್ಲಿ ಕೂಡಿಸಿ ಬುತ್ತಿ ಬಿಚ್ಚಿಸಿದರು. ನಿಧಾನವಾಗಿ ಅಗಿದು ತಿನ್ನಿ ಅಂದರು. ಆಮೇಲೆ ವಾಚು ನೋಡಿ ನನ್ನ ಕಡೆ ತಿರುಗಿದರು.

"ಇನ್ನೂ ತುಂಬಾ ಹೊತ್ತಿದೆ ಅಕ್ಕಾ. ಇಷ್ಟು ಸಲ ಬಂದಿದ್ದೀರಿ, ಒಂದು ಸಲಾನೂ ತಂಗಿ ಮನೆಗೆ ಹೋಗೋಕಾಗಿಲ್ಲ. ದಾರಿಯಲ್ಲೇ ಅಲ್ವಾ? ಹೋಗಿ ಬನ್ನಿ. ನಾವು ಬಸ್ಸಲ್ಲಿ ಕಾಯ್ತೀವಿ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಐದು ವರ್ಷದ ಮೇಲೆ ತಂಗಿಯ ಮುಖ ನೋಡಿದೆ. ಅವಳು ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. ಒಳಗೆ ಕೂತು, ಚಹಾ ಕುಡಿದು, ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ, ಅವಳ ಮಂಡಿನೋವು, ನನ್ನ ಸೊಂಟನೋವು ಎಲ್ಲ ಆಯಿತು. ಅವಳ ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

"ಆಟ ಎಷ್ಟಕ್ಕಂತೆ?" ಕೇಳಿದಳು.

"ಮೂರೂವರೆಗೆ ಅಂದ್ರು."

"ಹಾಗಾದ್ರೆ ಕೂತ್ಕೋ, ಬೇಕಾದಷ್ಟು ಹೊತ್ತಿದೆ."

ಕೂತೆ. ಮೂರೂವರೆ ಅಂದದ್ದು ನಮ್ಮ ಕಡೆಯ ಗಂಟೆ, ಗೋಡೆಯ ಮೇಲಿನದು ಆ ಕಡೆಯ ಗಂಟೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ನಲವತ್ತೆರಡು ವರ್ಷ ನನ್ನ ಮನೆಯಲ್ಲೂ ಅದೇ ಗಂಟೆ ನೋಡಿದವಳು ನಾನು.

ಮೈದಾನಕ್ಕೆ ಬಸ್ಸು ತಿರುಗಿದಾಗ ಇಬ್ಬರು ಹುಡುಗರು ಗೋಲಿನ ಬಲೆ ಬಿಚ್ಚಿ ಸುತ್ತುತ್ತಿದ್ದರು. ರೆಫರಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ ಹತ್ತುತ್ತಿದ್ದ. ಎದುರು ತಂಡದ ಉದ್ದ ಕಾಲಿನ ಕೋಚ್ ಓಡಿ ಬಂದ.

"ಎಲ್ಲಿಗೆ ಹೋಗಿದ್ರಿ ಮಾರಾಯ್ರೇ? ಕಾನೂನಿನ ಪ್ರಕಾರ ಹದಿನೈದು ನಿಮಿಷ ಕಾದ್ವಿ. ಈಗ ಐದು ನಿಮಿಷದ ಹಿಂದೆ ಬರೆದುಬಿಟ್ಟರು."

"ಏನು ಬರೆದರು? ಇನ್ನೂ ಆಟ ಶುರುವಾಗೋಕೇ ಹತ್ತು ನಿಮಿಷ ಇದೆ!" ಮೇಷ್ಟ್ರು ವಾಚು ತೋರಿಸಿದರು. ಮೂರು ಇಪ್ಪತ್ತು.

ಉದ್ದ ಕಾಲಿನವನು ತನ್ನ ಕೈಯನ್ನು ಅದರ ಪಕ್ಕ ಹಿಡಿದ. ಅದರಲ್ಲೂ ಮೂರು ಇಪ್ಪತ್ತು.

ಎರಡು ವಾಚು ಅಕ್ಕಪಕ್ಕ ಒಂದೇ ಗಂಟೆ ತೋರಿಸುತ್ತಿದ್ದವು. ಮೇಷ್ಟ್ರು ಒಂದರಿಂದ ಇನ್ನೊಂದಕ್ಕೆ ನೋಡಿದರು, ಮತ್ತೆ ನೋಡಿದರು. "ನನ್ನ ವಾಚು ಯಾಕೆ ಇಲ್ಲಿನ ಗಂಟೆ ತೋರಿಸ್ತಿದೆ?" ಅಂತ ಮೆಲ್ಲಗೆ ಅಂದರು. ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಲ್ಲೇ ಹೇಳಿದೆ. ನಮ್ಮಪ್ಪನ ಗಡಿಯಾರದ ಕಥೆ ಪೂರ್ತಿ ಹೇಳಿದೆ. ಹುಡುಗರು ಸುತ್ತ ನಿಂತು ಕೇಳಿದರು. ಒಬ್ಬನೂ ನಗಲಿಲ್ಲ. ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ. ಡ್ರೈವರನ್ನು ಬಯ್ದರು, ಬೂಟಿನ ದಾರ ಕಟ್ಟದೆ ನಿಂತಿದ್ದ ಗೋಡೆಯನ್ನು ಬಯ್ದರು, ಬಲೆ ಸುತ್ತುತ್ತಿದ್ದವರನ್ನೂ ಬಯ್ದರು. ಆಮೇಲೆ ನನ್ನ ಪಕ್ಕ ಬಂದು ಕೂತರು.

"ನೀವು ಸುಳ್ಳು ಹೇಳಿದ್ರೆ ಚೆನ್ನಾಗಿರ್ತಿತ್ತು ಅಕ್ಕಾ. ಜಗಳವಾದ್ರೂ ಆಡ್ತಿದ್ದೆ. ಈಗ ಯಾರನ್ನ ಹಿಡ್ಕೊಳ್ಳಲಿ?"

ಒಂದು ಕಡೇ ದಾರಿ ಇತ್ತು, ಪಂದ್ಯಾವಳಿಯ ಸಮಿತಿಗೆ ಮನವಿ ಕೊಡುವುದು. ಅದರ ಕಾಗದದಲ್ಲಿ ವಿಳಂಬಕ್ಕೆ ಕಾರಣ ಅಂತ ಒಂದು ಖಾಲಿ ಜಾಗ. ಗಡಿ ಕಚೇರಿಯಲ್ಲಿ ತಡವಾಯಿತು ಅಂತ ಬರೆದರೆ ಮಾಫಿ. ಊರಿನವರೆಲ್ಲ ಅದನ್ನೇ ಬರೆಯಿರಿ ಅಂದರು. ವಿಷಯ ಕೇಳಿ ಮುದ್ರೆ ಸಾಹೇಬನೂ ಮರುಗಿದ. "ಈ ಸಲ ಬೇಕಾದ್ರೆ ಬರೆದುಕೊಡ್ತೀನಿ, ನಮ್ಮಲ್ಲೇ ಎರಡು ಗಂಟೆ ತಡವಾಯ್ತು ಅಂತ. ಮುದ್ರೆನೂ ಹಾಕ್ತೀನಿ."

ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡು ನಿಂತುಬಿಟ್ಟರು. "ಅವತ್ತು ನಿಜ ಬರೆದುಕೊಡಿ ಅಂತ ಐದು ಸಲ ಬಂದೆ ಸಾರ್. ಆಗ ಮುದ್ರೆ ಒಣಗಿತ್ತು. ಈಗ ಸುಳ್ಳಿಗೆ ಹಸಿಯಾಯ್ತಾ?"

"ನಿಮಗೆ ಬೇಕೋ ಬೇಡವೋ?"

ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. ತಗೊಳ್ಳಿ ಅಂತಲೇ ಜಗ್ಗಿದ್ದು, ನಿಜ ಹೇಳುತ್ತೇನೆ. ತಪ್ಪು ನನ್ನದಾಗಿತ್ತು, ಅದು ಯಾವ ಕಾಗದದಿಂದಾದರೂ ಮುಚ್ಚಿಹೋಗಲಿ ಅನ್ನಿಸಿತ್ತು. ಮೇಷ್ಟ್ರು ತಿರುಗಿ ನೋಡಿದರು. "ಹುಡುಗರು ಬೆಂಚಲ್ಲಿ ಕೂತಿದ್ರು ಅಕ್ಕಾ. ಅರ್ಧ ಗಂಟೆಯಲ್ಲಿ ಬಿಟ್ಟದ್ದನ್ನ ಹದಿನಾಲ್ಕು ಜನ ನೋಡಿದ್ದಾರೆ. ಅವರಿಗೆ ನಾನು ಏನು ಹೇಳಲಿ?" ಅಂದವರೇ ಬೇಡವೆಂದು ಬಂದುಬಿಟ್ಟರು. ಬಂದಮೇಲೆ ಮೂರು ದಿನ ಸಿಕ್ಕವರ ಮೇಲೆಲ್ಲ ರೇಗಾಡಿದರು. ಬೇಡ ಅಂದದ್ದಕ್ಕೆ ತಮ್ಮ ಮೇಲೆ ತಮಗೇ ಸಿಟ್ಟು.

ಸಮಿತಿಯ ಮುಂದೆ ಹೋದೆವು, ಗಡಿಯಾರವನ್ನೂ ಗೋಡೆಯಿಂದ ಇಳಿಸಿಕೊಂಡು. ತಪಾಸಣೆಯಲ್ಲಿ ಸಾಹೇಬ ನನ್ನ ಬಟ್ಟೆಯ ಚೀಲ ಬಿಚ್ಚಿಸಿ, 'ಗೋಡೆ ಗಡಿಯಾರ ಒಂದು, ನಡೆಯುತ್ತಿರುವುದು' ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡ. ಸಮಿತಿ ಅಂದರೆ ಆ ಕಡೆಯ ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆ, ಧೂಳು ಹಿಡಿದ ಗೆಲುವಿನ ಕಪ್ಪುಗಳು, ತಗಡಿನ ಕುರ್ಚಿಗಳ ಮೇಲೆ ಐದು ಜನ. ನಾನು ಗಡಿಯಾರವನ್ನು ಮೇಜಿನ ಮೇಲೆ ಇಟ್ಟು ನಡೆದದ್ದನ್ನು ಹೇಳಿದೆ. ಕಾರ್ಯದರ್ಶಿ, ಪೆನ್ಸಿಲ್ ಕಚ್ಚುವ ಅಭ್ಯಾಸದ ಮುದುಕ, ಅದನ್ನೂ ಅವರ ಗೋಡೆಯ ಗಡಿಯಾರವನ್ನೂ ನೋಡಿದ.

"ಇದು ಸರಿಯಾಗೇ ಇದೆಯಲ್ಲಮ್ಮಾ."

"ಅದೇ ತೊಂದರೆ" ಅಂದರು ಮೇಷ್ಟ್ರು.

ಐವರೂ ಬಿದ್ದು ಬಿದ್ದು ನಕ್ಕರು. ಕಾರ್ಯದರ್ಶಿ ಕಣ್ಣು ಒರೆಸಿಕೊಂಡ. ನಕ್ಕವರು ಬಿಟ್ಟುಬಿಡುತ್ತಾರೆ ಅಂತ ನನಗೆ ಆಸೆ ಹುಟ್ಟಿತು. ಆಮೇಲೆ ಅವನು ಕಾನೂನಿನ ಪುಸ್ತಕ ತೆರೆದ. ತಪ್ಪು ತಂಡದ್ದೇ, ಮೂರು ಗೈರುಹಾಜರಿ, ತಂಡ ಹೊರಗೆ. ನಿಜ ಹೇಳಿದ್ದರಿಂದ ದಯೆ ತೋರಿಸಿ, ಶಾಶ್ವತವಾಗಿ ಅಲ್ಲ, ಒಂದು ವರ್ಷ ಮಾತ್ರ.

"ಒಂದು ವರ್ಷ ತಾನೇ ಮೇಷ್ಟ್ರೇ, ಹಾಗೇ ಹೋಗಿಬಿಡುತ್ತೆ."

"ನಿಮಗೆ ಒಂದು ವರ್ಷ" ಅಂದರು ಮೇಷ್ಟ್ರು. ಧ್ವನಿ ಏರಿತ್ತು. "ನನ್ನ ಒಂಬತ್ತು ಹುಡುಗರಿಗೆ ಮುಂದಿನ ವರ್ಷ ಹದಿನಾರು ತುಂಬುತ್ತೆ. ಅವರಿಗೆ ಇದು ಒಂದು ವರ್ಷ ಅಲ್ಲ ಸ್ವಾಮೀ, ಅಷ್ಟೂ ಹೋಯ್ತು."

ಕಾರ್ಯದರ್ಶಿ ಪುಸ್ತಕ ಮುಚ್ಚಿದ. ನಾನು ಗಡಿಯಾರ ಎತ್ತಿಕೊಂಡೆ.

ಆ ಖಾಲಿ ವರ್ಷವೂ ಮೇಷ್ಟ್ರು ದಿನಾ ನಾಲ್ಕಕ್ಕೆ ಬಯಲಿಗೆ ಹೋದರು. ಆಟವಿಲ್ಲದೆ ಹುಡುಗರು ಒಬ್ಬೊಬ್ಬರೇ ಉದುರಿದರು. ಮೀಸೆ ಹುಡುಗ ಅಪ್ಪನ ಅಂಗಡಿಗೆ ಕೂತ, ಗೋಡೆ ಲಾರಿ ಹತ್ತಿದ. ಹೊಸಬರು ಬಂದರು, ಚಿಕ್ಕ ಚಿಕ್ಕವರು, ಅಂಗಿ ಮಂಡಿಯವರೆಗೆ ಇಳಿಬಿದ್ದವರು. ನಾನು ಕೆಲವು ದಿನ ಬಯಲ ಅಂಚಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಗಡಿಯಾರದ ಮುಳ್ಳನ್ನು ತಿದ್ದಿಬಿಡಲೇ ಅಂತ ಒಂದು ದಿನ ಕೇಳಿದೆ.

"ಬೇಡ. ಅದರ ತಪ್ಪೇನಿದೆ?" ಅಂದು, ಹೊಸಬನೊಬ್ಬನಿಗೆ ಕಿರುಚಿದರು, "ಎಡಗಾಲು! ಎಡಗಾಲು ಯಾಕೆ ಕೊಟ್ಟಿರೋದು ನಿನಗೆ?"

ಕಿರುಚಿದಮೇಲೆ ಎದೆ ಹಿಡಿದುಕೊಂಡು ಪಕ್ಕಕ್ಕೆ ಕೂತರು. ಅದು ಹೊಸದಲ್ಲವೆಂದು ಅವರ ಹೆಂಡತಿಯಿಂದ ಆಮೇಲೆ ತಿಳಿಯಿತು.

ತಂಡವನ್ನು ಮತ್ತೆ ಸೇರಿಸಿಕೊಂಡ ಕಾಗದ ಬಂದ ವಾರವೇ ಮೇಷ್ಟ್ರು ಆಸ್ಪತ್ರೆ ಸೇರಿದರು. ಮೊದಲ ಆಟವೇ ಆ ಕಡೆ, ಭಾನುವಾರ. ಹೊಸದಾಗಿ ಸೇರಿದ ತಂಡ ಮೊದಲ ಆಟ ತಪ್ಪಿಸಿದರೆ ಮೂರರ ಲೆಕ್ಕವಿಲ್ಲ, ಅಲ್ಲಿಗೇ ಮುಗಿಯಿತು. ಆ ಭಾನುವಾರ ಬಸ್ಸು ಹೋಯಿತು, ಆಟಕ್ಕೆ ಮುಕ್ಕಾಲು ಗಂಟೆ ಮೊದಲೇ ಮುಟ್ಟಿತು, ನಾಲ್ಕು ಗೋಲು ತಿಂದು ವಾಪಸು ಬಂತು. ನಾನು ಹೇಳಹೊರಟದ್ದು ಅದಕ್ಕೆ ನಾಲ್ಕು ದಿನ ಮೊದಲಿನ ಮಾತು.

ಬುಧವಾರ ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ಹೋದೆ. ಉದ್ದನೆಯ ವಾರ್ಡು, ಕೊನೆಯ ಮಂಚ, ಪಕ್ಕದಲ್ಲಿ ಕೈ ತೊಳೆಯುವ ನಲ್ಲಿ, ಅದು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರ ಮುಖ ಇಳಿದುಹೋಗಿತ್ತು. ಕಣ್ಣಿನ ಸಿಡುಕು ಮಾತ್ರ ಹಾಗೇ.

"ಕೇಳಿಸ್ತಿದೆಯಾ ಅಕ್ಕಾ? ವಾಷರ್. ಮೂರು ದಿನದಿಂದ ಹೇಳ್ತಿದ್ದೀನಿ. ನನ್ನ ಚೀಲ ತಂದುಕೊಡು ಅಂದ್ರೆ ಇವಳು ತರಲ್ಲ."

"ತಂದ್ರೆ ಎದ್ದು ಕೂತ್ಕೊಂಡು ಬಿಚ್ತಾರೆ" ಅಂದಳು ಹೆಂಡತಿ, ಮಡಿಲಲ್ಲಿ ಒಂದು ಪುಟ್ಟ ಅಂಗಿ ಇಟ್ಟುಕೊಂಡು ಏಳನೇ ನಂಬರು ಹೊಲಿಯುತ್ತ.

ಅವರು ದಿಂಬಿನ ಕೆಳಗಿಂದ ಗಡಿ ಕಚೇರಿಗೆ ಕೊಟ್ಟಿದ್ದ ಪಟ್ಟಿಯ ನಕಲು ತೆಗೆದರು. "ಕೋಚ್ ಅಂತ ಸಮಿತಿಗೆ ಡ್ರೈವರ್ ಹೆಸರು ಕೊಟ್ಟು ಕಳಿಸಿದ್ದೀನಿ. ಅವನಿಗೆ ಅವನದೇ ಪಾಸಿದೆ, ಗಡಿಯವರ ಪಟ್ಟಿಗೆ ಬೇಡ."

"ಅವನನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಾನೆ."

ನನಗೆ ನಗು ಬಂತು. ಅವರು ನಗಲಿಲ್ಲ. ಕಾಗದದ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಣಿಸಿದರು, ತುಟಿ ಅಲ್ಲಾಡಿಸುತ್ತ. ಎಲ್ಲಕ್ಕಿಂತ ಮೇಲೆ, ಆ ಮುತ್ತಿನಂಥ ಅಕ್ಷರದಲ್ಲಿ, ಅವರ ಹೆಸರೇ ಇತ್ತು.

"ಇದಕ್ಕೆ ಮೂರು ದಿನ ಬೇಕು ಅಕ್ಕಾ, ಅದಕ್ಕೇ ಇವತ್ತೇ ಹೇಳ್ತಿದ್ದೀನಿ. ಇಲ್ಲಿಂದ ನೇರ ಕಚೇರಿಗೆ ಹೋಗಿ, ಮುಚ್ಚೋ ಮೊದಲು. ಪಟ್ಟಿಯಿಂದ ನನ್ನ ಹೆಸರು ಹೊಡೆಸಿ. ಹದಿನಾರು ಹೆಸರು ಇಟ್ಕೊಂಡು ಹದಿನೈದು ತಲೆ ಹೋದ್ರೆ ಆ ಸಾಹೇಬ ಬಸ್ಸು ಬಿಡಲ್ಲ."